ಹಿತ್ತಲ ಮನೆಯವರ ಏಳು ದಿನ

ಮಕ್ಕಳೇ, ಕಳೆದ ತಿಂಗಳು ನಮ್ಮ ಸರ್ಕಾರಿ ಶಾಲೆಯ ಗೇಟಿಗೆ ಒಂದು ಫ್ಲೆಕ್ಸ್ ಕಟ್ಟಿದ್ದರಲ್ಲ, ನೆನಪಿದೆಯೇ? ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ದೊಡ್ಡ ಅಕ್ಷರ. ಮೂಲೆಯಲ್ಲಿ ಬಿಳಿಕೂದಲಿನ, ದಪ್ಪ ಕನ್ನಡಕದ ಒಬ್ಬ ಹೆಂಗಸಿನ ಫೋಟೋ, ಅಂಗೈ ಅಗಲದ್ದು. ಪಕ್ಕದಲ್ಲಿ ಕೈಮುಗಿದು ನಿಂತ ನಿಮ್ಮ ಚಿಕ್ಕತಾತನ ಫೋಟೋ, ಆಳೆತ್ತರದ್ದು. ಆ ಹೆಂಗಸಿನ ಫೋಟೋದ ಕೆಳಗೆ 'ನಮ್ಮ ಬಡಾವಣೆಯ ಹೆಮ್ಮೆ, ಮಕ್ಕಳ ನೆಚ್ಚಿನ ಕ್ರೀಡಾಪ್ರೇಮಿ' ಎಂದು ಬರೆಸಿದ್ದರು. ಪುಟ್ಟಿ ಅದನ್ನು ಗಟ್ಟಿಯಾಗಿ ಓದಿ, "ಅಜ್ಜಿ, ಚಿಕ್ಕತಾತ ಎಷ್ಟು ಒಳ್ಳೇವ್ರಲ್ವಾ?" ಎಂದಳು. ನಾನು ಅವಳ ಕೈ ಹಿಡಿದು ಮನೆಗೆ ಕರೆತಂದೆ.

ಬಾಯಿಬಿಟ್ಟು ಹೇಳುವುದು ನನಗೆ ಯಾವತ್ತೂ ಬಂದಿಲ್ಲ. ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು, ಬರೆಯುವುದಾದರೆ ಬರುತ್ತದೆ. ಆ ಫ್ಲೆಕ್ಸ್ ಸುಳ್ಳು ಹೇಳಿತು. ಅದು ಸುಳ್ಳೆಂದು ನಿಮಗೆ ಗೊತ್ತಾಗಬೇಕು. ಆ ಫೋಟೋದ ಹೆಂಗಸಿನ ಹೆಸರನ್ನು ನಾನು ಬರೆಯುವುದಿಲ್ಲ. ಅದು ಒಮ್ಮೆ ಆ ಗೇಟಿನಲ್ಲಿ ನೇತಾಡಿದ್ದೇ ಸಾಕು.

ನಿಮ್ಮ ತಾತ ತೀರಿಹೋದ ಮರುವರ್ಷ ಅವರು ನಮ್ಮ ಹಿತ್ತಲ ಮನೆಗೆ ಬಾಡಿಗೆಗೆ ಬಂದರು. ಹಿಂದೆ ನಮ್ಮ ದನದ ಕೊಟ್ಟಿಗೆ ಇದ್ದ ಜಾಗ ಅದು. ಪೀಣ್ಯದ ಒಂದು ಮೋಟಾರು ಕಾರ್ಖಾನೆಯಲ್ಲಿ ಮೊದಲು ತಂತಿ ಸುತ್ತುವ ಕೆಲಸ, ಆಮೇಲೆ ತಯಾರಾದ ಮೋಟಾರುಗಳನ್ನು ಪರೀಕ್ಷೆ ಮಾಡಿ ಸೀಲು ಒತ್ತುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಒಂದು ಮಂಚ, ಒಂದು ಸ್ಟವ್, ಒಂದು ಟೂಲ್ ಬಾಕ್ಸ್, ಬಲೆಯ ಚೀಲದಲ್ಲಿ ಒಂದು ಚೆಂಡು, ಇಷ್ಟೇ ಸಾಮಾನು. ಮದುವೆಯಾಗಿರಲಿಲ್ಲ. ಯಾಕೆ ಎಂದು ಬಹಳ ದಿನಗಳ ಮೇಲೆ ಧೈರ್ಯ ಮಾಡಿ ಕೇಳಿದಾಗ, "ಬಂದ ಗಂಡುಗಳ ಶಿಫ್ಟು ನನ್ ಶಿಫ್ಟಿಗೆ ಹೊಂದ್ಲಿಲ್ಲ ಓನರಮ್ಮ" ಎಂದು ನಕ್ಕಿದ್ದರು.

ನನ್ನನ್ನು ಅವರು ಓನರಮ್ಮ ಎಂದೇ ಕರೆಯುತ್ತಿದ್ದರು. ಮನೆ ನನ್ನ ಹೆಸರಿನಲ್ಲೇ ಇತ್ತು, ಈಗಲೂ ಇದೆ. ಆದರೆ ಬಾಡಿಗೆಗೆ ಯಾರು ಬರಬೇಕು, ಯಾರು ಹೋಗಬೇಕು ಎಂದು ನೋಡುತ್ತಿದ್ದವನು ನಿಮ್ಮ ತಾತನ ತಮ್ಮ, ಅಂದರೆ ನಿಮ್ಮ ಚಿಕ್ಕತಾತ. ಹನ್ನೊಂದು ತಿಂಗಳಿಗೊಮ್ಮೆ ಅವನು ಕರಾರು ಪತ್ರ ತರುತ್ತಿದ್ದ, ಬೆರಳಿಟ್ಟು ತೋರಿಸಿದಲ್ಲಿ ನಾನು ಸಹಿ ಹಾಕುತ್ತಿದ್ದೆ. ನಿಮ್ಮಪ್ಪನೂ "ಚಿಕ್ಕಪ್ಪ ನೋಡ್ಕೊಳ್ತಾರೆ ಬಿಡಮ್ಮ" ಎನ್ನುತ್ತಿದ್ದ. ನಾನು ಬಿಟ್ಟುಬಿಟ್ಟಿದ್ದೆ.

ಅವರು ಬಂದ ಮೊದಲ ವಾರವೇ ನನಗೆ ತಬ್ಬಿಬ್ಬಾಯಿತು. ನಿವೃತ್ತಿಯಾದವರು ಹೀಗೂ ಇರುತ್ತಾರೆಯೇ? ಬೆಳಿಗ್ಗೆ ಆರಕ್ಕೆ ಸ್ನಾನ ಮುಗಿಸಿ, ಸೀರೆಯ ನೆರಿಗೆಗೆ ಪಿನ್ನು ಹಾಕಿ, ಬುತ್ತಿ ಕಟ್ಟಿಕೊಂಡು ಹೊರಟೇಬಿಡುತ್ತಿದ್ದರು. "ಎಲ್ಲಿಗಕ್ಕ?" ಎಂದರೆ "ಫಸ್ಟ್ ಶಿಫ್ಟು" ಎನ್ನುತ್ತಿದ್ದರು.

ಸೋಮವಾರ, ಶುಕ್ರವಾರ ಸರ್ಕಾರಿ ಆಸ್ಪತ್ರೆ. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಚೀಟಿ ಮಾಡಿಸುವ ಸಾಲಿನಲ್ಲಿ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತವರನ್ನು ಕೈಹಿಡಿದು ಕರೆದುಕೊಂಡು ಹೋಗುವುದು, ರಕ್ತ ಕೊಡುವ ಕೋಣೆ ತೋರಿಸುವುದು, ಮಾತ್ರೆಯ ಮೇಲೆ ಪೆನ್ನಿನಲ್ಲಿ ಸೂರ್ಯನ ಚಿತ್ರ, ಚಂದ್ರನ ಚಿತ್ರ ಬರೆದುಕೊಡುವುದು. ಅಲ್ಲಿಯ ಅಟೆಂಡರ್ ಒಬ್ಬ, "ಮೇಡಂ, ನೀವು ಇಲ್ಲಿ ಸ್ಟಾಫಾ?" ಎಂದು ಕೇಳಿದನಂತೆ. "ಅಲ್ಲಪ್ಪ. ಸ್ಟಾಫ್ ಆಗಿದ್ರೆ ಇಷ್ಟೊತ್ತಿಗೆ ಟೀ ಕುಡಿಯಕ್ ಹೋಗಿರ್ತಿದ್ದೆ" ಎಂದರಂತೆ ಇವರು.

ಮಂಗಳವಾರ ರಿಪೇರಿ. ನಮ್ಮ ಹಿತ್ತಲ ಜಗಲಿಯ ಮೇಲೆ ಬೀದಿಯವರ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನು ಸಾಲಾಗಿ ಕೂರುತ್ತಿದ್ದವು. ಒಂದು ಷರತ್ತು ಇತ್ತು. ತಂದವರೇ ಸ್ಕ್ರೂ ಬಿಚ್ಚಬೇಕು. "ನಿಮ್ ಮಿಕ್ಸಿ ಹೊಟ್ಟೇಲಿ ಏನಿದೆ ಅಂತ ನಿಮಗ್ ಗೊತ್ತಿರ್ಬೇಕಲ್ವಾ?" ಹಾಗೆಯೇ ನಾನೂ ಮಿಕ್ಸಿಯ ಕಾರ್ಬನ್ ಬ್ರಷ್ ಬದಲಾಯಿಸುವುದನ್ನು ಕಲಿತೆ. ಮಂಗಳವಾರ ಮಿಕ್ಸಿ ತಂದುಕೊಟ್ಟ ಅದೇ ಬಾಯಿ ಬುಧವಾರ, "ಈ ವಯಸ್ಸಲ್ಲಿ ಚೆಂಡಾಟ ಆಡ್ತವ್ಳೆ, ನಾಚಿಕೆ ಇಲ್ದೋಳು" ಎನ್ನುತ್ತಿತ್ತು. ಈ ಕಿವಿಯಿಂದಲೇ ಕೇಳಿದ್ದೇನೆ.

ಯಾಕೆಂದರೆ ಬುಧವಾರ, ಶನಿವಾರ ಶಾಲೆಯ ಮೈದಾನದಲ್ಲಿ ಥ್ರೋಬಾಲ್. ಕಾರ್ಖಾನೆಯ ಹೆಂಗಸರ ತಂಡದಲ್ಲಿ ಆಡಿದವರು ಅವರು. ಏಳನೇ ಎಂಟನೇ ತರಗತಿಯ ಹುಡುಗಿಯರನ್ನು ಎರಡು ಗುಂಪು ಮಾಡಿ, ತಾವು ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುವೆ ನಿಲ್ಲುತ್ತಿದ್ದರು. "ಯಾಕೇ ಚೆಂಡ್ ನೋಡಿ ಕಣ್ ಮುಚ್ಕೊಳ್ತೀಯ? ಅದೇನ್ ನಿನ್ ಮೇಷ್ಟ್ರ ಬೆತ್ತಾನಾ? ಎರಡೂ ಕೈ ಮುಂದಕ್ ಚಾಚು!" ಎಂದು ಅವರು ಕೂಗಿದರೆ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಮೂಲೆಯಲ್ಲಿ ನಿಲ್ಲುತ್ತಿದ್ದ ಹುಡುಗಿಯರು ಆರು ತಿಂಗಳಲ್ಲಿ ಬೀದಿಯಲ್ಲಿ ತಲೆಯೆತ್ತಿ ನಡೆಯುವುದನ್ನು ನಾನು ನೋಡಿದೆ.

ಅರಳಿಕಟ್ಟೆಯ ಮೇಲೆ ಬೆಳಗಿನಿಂದ ಸಂಜೆವರೆಗೆ ಇಸ್ಪೀಟು ಆಡುವ ನಿವೃತ್ತ ಗಂಡಸರನ್ನು ಯಾರೂ ಏನೂ ಅನ್ನುವುದಿಲ್ಲ. ಅದು ವಿಶ್ರಾಂತ ಜೀವನ. ಒಬ್ಬ ಹೆಂಗಸು ಆಸ್ಪತ್ರೆಗೆ, ಶಾಲೆಗೆ ಹೋಗಿಬಂದರೆ ಅದು ಬೀದಿ ಸುತ್ತುವುದು. ಬಸ್ಸು ಹೆಂಗಸರಿಗೆ ಉಚಿತವಾದ ಮೇಲಂತೂ ಕೇಳುವುದೇ ಬೇಡ. "ಫ್ರೀ ಬಸ್ ಸಿಕ್ತಲ್ಲ, ಇನ್ನ್ಯಾವ ಮನೆ, ಇನ್ನ್ಯಾವ ಮಠ" ಎಂದು ಅವರ ಎದುರಿಗೇ ಆಡಿಕೊಂಡರು. ಅವರು ಮಾತ್ರ ಭಾನುವಾರ ಭಾನುವಾರ ಆ ಬಸ್ಸಿನಲ್ಲೇ ದೊಡ್ಡನೆಕ್ಕುಂದಿಗೆ ಹೋಗಿ, ಲಕ್ವ ಹೊಡೆದು ಮಲಗಿದ್ದ ತಮ್ಮ ಹಳೆಯ ಜೊತೆಗಾರ್ತಿಯ ತಲೆ ಬಾಚಿ, ಉಗುರು ಕತ್ತರಿಸಿ ಬರುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ಓವರ್‌ಟೈಮ್.

ಗುರುವಾರ ಅವರ ರಜೆ. ಕಾರ್ಖಾನೆಗೆ ವಾರದ ರಜೆ ಗುರುವಾರವಿದ್ದದ್ದರಿಂದ ಅವರ ಮೈಗೆ ಅದೇ ಹೊಂದಿಕೊಂಡಿತ್ತು. ಆವತ್ತು ಚಿಕ್ಕಬಾಣಾವರ ಸ್ಟೇಷನ್ನಿನಲ್ಲಿ ತುಮಕೂರಿನ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ಹತ್ತಿ, ಮನಸ್ಸಿಗೆ ಬಂದ ಸಣ್ಣ ಸ್ಟೇಷನ್ನಿನಲ್ಲಿ ಇಳಿದು, ಮರದ ಕೆಳಗೆ ಬುತ್ತಿ ತಿಂದು, ಬರುವ ರೈಲಿಗೆ ವಾಪಸಾಗುವುದು. ಯಾವ ಕೆಲಸವೂ ಇಲ್ಲ. ನನ್ನನ್ನು ಕರೆದಾಗ, "ಅಲ್ಲಿ ಯಾರವ್ರೆ ಅಂತ ಹೋಗದು?" ಎಂದು ಕೇಳಿದೆ.

"ಯಾರೂ ಇಲ್ಲ, ಅದಕ್ಕೇ" ಎಂದರು.

ಮದುವೆ, ಸಾವು, ಆಸ್ಪತ್ರೆ, ಈ ಮೂರು ಬಿಟ್ಟು ಬೇರೆ ಕಾರಣಕ್ಕೆ ನಾನು ಹೊಸಿಲು ದಾಟಿದವಳಲ್ಲ. ಮೊದಲ ಸಲ ರೈಲಿನಲ್ಲಿ ಯಾರಾದರೂ ನೋಡಿಯಾರೆಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತೆ. ನಿಡವಂದದಲ್ಲಿ ಇಳಿದು ಶಿವಗಂಗೆ ಬೆಟ್ಟ ಕಾಣುವ ಕಡೆ ಕಲ್ಲುಬೆಂಚಿನ ಮೇಲೆ ಕೂತು ಅವರ ಡಬ್ಬಿಯ ಅವರೆಕಾಳು ಉಪ್ಪಿಟ್ಟು ತಿಂದೆ. ತಟ್ಟೆ ತೊಳೆಯುವ ಗಡಿಬಿಡಿಯಿಲ್ಲ, "ಕಾಫಿ ಆಯ್ತಾ?" ಎಂದು ಕೂಗುವವರಿಲ್ಲ. ನನಗೆ ಅಳು ಬಂತು. ಅವರು ನೋಡಿಯೂ ನೋಡದವರಂತೆ, "ಉಪ್ಪು ಕಮ್ಮಿ ಆಯ್ತಾ?" ಎಂದರು. ಆಮೇಲೆ ಎರಡು ವರ್ಷ ಒಂದು ಗುರುವಾರವೂ ತಪ್ಪಲಿಲ್ಲ.

ಆ ಬೆಂಚಿನ ಮೇಲೆ ಅವರು ಕಾರ್ಖಾನೆಯ ಕಥೆ ಹೇಳುತ್ತಿದ್ದರು. ತಿಂಗಳ ಕೊನೆಯಲ್ಲಿ ಒಂದು ಲೋಡು ಮೋಟಾರು ಹೊರಡಬೇಕಿತ್ತಂತೆ. ಪರೀಕ್ಷೆ ಮಾಡಿದರೆ ಅರ್ಧಕ್ಕರ್ಧ ಬಿಸಿಯಾಗುತ್ತಿವೆ. "ಸೀಲ್ ಒತ್ತಮ್ಮ, ಲಾರಿ ನಿಂತಿದೆ" ಎಂದು ಸೂಪರ್‌ವೈಸರ್ ತಲೆಯ ಮೇಲೆ ನಿಂತ. ಇವರು ಸೀಲನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಕ್ಯಾಂಟೀನಿಗೆ ಹೋಗಿ ಕೂತರು. "ಸೀಲ್ ಅಂದ್ರೆ ಏನ್ ಹೇಳಿ? ನಾನ್ ನೋಡಿದೀನಿ, ಸರಿಯಾಗಿದೆ ಅಂತ. ನೋಡ್ದೇನೆ ಒತ್ತಿದ್ರೆ ಅದು ಬರೀ ಮಸಿ." ಲಾರಿ ಖಾಲಿ ಹೋಯಿತಂತೆ. ಇವರನ್ನು ಮೂರು ತಿಂಗಳು ಗೋಡೌನಿಗೆ ಹಾಕಿದರಂತೆ. ನಾನು ಕಥೆ ಕೇಳಿ ನಕ್ಕೆ. ನನಗೆ ಅದು ಎಲ್ಲಿ ತಗಲುತ್ತದೆ ಎಂದು ಆಗ ಹೊಳೆಯಲಿಲ್ಲ.

ನಿಮ್ಮ ಚಿಕ್ಕತಾತನಿಗೆ ಆಗ ಎರಡು ನೀರಿನ ಟ್ಯಾಂಕರುಗಳಿದ್ದವು. ಬೀದಿಯಲ್ಲಿ ನಿಲ್ಲಿಸಲು ಜಾಗವಿಲ್ಲವೆಂದು ಅವನು ಅವನ್ನು ಶಾಲೆಯ ಮೈದಾನಕ್ಕೆ ತಂದು ನಿಲ್ಲಿಸತೊಡಗಿದ. ಟ್ಯಾಂಕರಿನಿಂದ ಸೋರಿದ ನೀರಿಗೆ ಅಂಗಳವೆಲ್ಲ ಕೆಸರು, ಚಕ್ರದ ಹಳ್ಳ. ಎಂಟನೇ ತರಗತಿಯ ಹುಡುಗಿಯೊಬ್ಬಳು ಆ ಹಳ್ಳದಲ್ಲಿ ಬಿದ್ದು ಕೈ ಮುರಿದುಕೊಂಡಳು. ಅವರು ಮೊದಲು ಇವನ ಮನೆಗೇ ಹೋಗಿ ಕೇಳಿದರು. "ಮೈದಾನ ಯಾರಪ್ಪನ್ದು ಮೇಡಂ? ನಮ್ಮಜ್ಜನ ಕಾಲ್ದಾಗೆ ನಮ್ ರಾಗಿ ಹೊಲ ಅದು" ಎಂದು ಇವನು ಮೀಸೆ ತಿರುವಿದ.

ಅವರು ಜಗಳವಾಡಲಿಲ್ಲ. ಟೇಪು ತಂದು ಮೈದಾನ ಅಳೆದರು. ಎಷ್ಟು ಜಾಗ ಟ್ಯಾಂಕರಿಗೆ ಹೋಗಿದೆ, ಆಡಲು ಎಷ್ಟು ಉಳಿದಿದೆ ಎಂದು ಚಿತ್ರ ಬರೆದು, ಹುಡುಗಿಯರ ತಾಯಂದಿರಿಂದ ಸಹಿ ಹಾಕಿಸಿ, ಶಿಕ್ಷಣ ಇಲಾಖೆಗೆ ಅರ್ಜಿ ಕೊಟ್ಟರು. ನಾಲ್ಕು ಸಲ ಅಲೆದರು. ಒಂದು ಬೆಳಿಗ್ಗೆ ಅಧಿಕಾರಿಗಳು ಬಂದು ಟ್ಯಾಂಕರು ತೆಗೆಸಿದರು. ಬೀದಿಯೆಲ್ಲ ನೋಡುತ್ತಿರುವಾಗ ಇವನೇ ಕೂತು ತನ್ನ ಗಾಡಿಯನ್ನು ಹಿಂದಕ್ಕೆ ತೆಗೆಯಬೇಕಾಯಿತು.

ಆ ಸಂಜೆ ಅವನು ನಮ್ಮ ಜಗಲಿಗೆ ಬಂದು ಕೂತ. "ಅತ್ತಿಗೆ, ಆಯಮ್ಮನ ಜೊತೆ ಸೇರ್ಕಂಡು ನೀನೂ ಊರು ಸುತ್ತಾಕೆ ಸುರು ಮಾಡ್ದೆ. ಅಣ್ಣ ಇದ್ದಿದ್ರೆ ಇಂಗಾಯ್ತಿತ್ತಾ? ಜನ ಏನಂತಾರೆ ಅಂತ ಒಸಿ ಯೋಚ್ನೆ ಮಾಡು" ಎಂದ. ಟ್ಯಾಂಕರಿನ ಮಾತೇ ಇಲ್ಲ! ಅವಮಾನವಾದದ್ದು ಅವನಿಗೆ. ಮುಂದಿಟ್ಟದ್ದು ನನ್ನ ಮಾನವನ್ನು. ನಾಲ್ಕು ದಿನಗಳ ಮೇಲೆ ಅವನು ಕಾಗದ ತಂದ, ಬೆರಳಿಟ್ಟು ತೋರಿಸಿದ. ಒಲೆಯ ಮೇಲೆ ಹಾಲಿತ್ತು. ನಾನು ಸಹಿ ಹಾಕಿ ಒಳಗೆ ಓಡಿದೆ.

ಮುಂದಿನ ಗುರುವಾರ ಅವರು ಎಂದಿನಂತೆ ಬಂದು, "ಹೊರಡೋಣ್ವಾ ಓನರಮ್ಮ?" ಎಂದರು. ನಿಡವಂದದ ಬೆಂಚಿನಲ್ಲಿ ಬುತ್ತಿ ತಿಂದು ಕೈ ತೊಳೆದ ಮೇಲೆ ಚೀಲದಿಂದ ಒಂದು ಕಾಗದ ತೆಗೆದು ನನ್ನ ಕೈಗಿಟ್ಟರು.

"ಇದು ನಿಮ್ ಸೈನ್ ತಾನೆ?"

ಓದಿದೆ. 'ಸದರಿ ಮನೆಯು ನಮ್ಮ ಸ್ವಂತ ಉಪಯೋಗಕ್ಕೆ ಬೇಕಾಗಿರುವುದರಿಂದ ಒಂದು ತಿಂಗಳೊಳಗೆ ಖಾಲಿ ಮಾಡತಕ್ಕದ್ದು.' ಕೆಳಗೆ ನನ್ನ ದುಂಡು ಅಕ್ಷರದ ಸಹಿ.

"ಓದಿ ಹಾಕಿದ್ರಾ?"

"ಇಲ್ಲ."

"ಓದಕ್ ಬರಲ್ವಾ?"

"ಬತ್ತದೆ."

"ಮತ್ತೆ?"

"ಅವ್ನು ತೋರ್ಸಿದ್ ಕಡೆ ಹಾಕ್ಬಿಡ್ತೀನಿ ಅಕ್ಕ. ಮೊದ್ಲಿಂದ್ಲೂ ಅಂಗೇ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹಂಗಾದ್ರೆ ಇದು ನಿಮ್ ಮಾತಲ್ಲ. ಅಲ್ಲ ಅಂತ ನೀವೇ ಅವ್ರ ಮುಂದೆ ಹೇಳ್ಬೇಕು. ನಾನ್ ಹೇಳಿದ್ರೆ ನಡಿಯಲ್ಲ, ಮನೆ ನನ್ದಲ್ಲ" ಎಂದರು. ಅಷ್ಟರಲ್ಲಿ ರೈಲು ಬಂತು.

ಒಂದು ಮಾತು, ಮಕ್ಕಳೇ. 'ಅವರು ಇರುತ್ತಾರೆ' ಎಂಬ ಎರಡು ಪದ. ಅದನ್ನು ಹೇಳಲು ನನಗೆ ಮೂರು ವಾರಕ್ಕೂ ಹೆಚ್ಚು ಹಿಡಿಯಿತು. ದಿನವೂ ಬೆಳಿಗ್ಗೆ ಅವನ ಮನೆಯ ಬಾಗಿಲವರೆಗೆ ಹೋಗುತ್ತಿದ್ದೆ. ಅವನು ಫೋನಿನಲ್ಲಿ ಜೋರಾಗಿ ಮಾತಾಡುತ್ತಿರುತ್ತಿದ್ದ, ಇಲ್ಲವೇ ಯಾರೋ ಬಂದಿರುತ್ತಿದ್ದರು. "ಏನತ್ತಿಗೆ?" ಎಂದರೆ "ಕರಿಬೇವು ಐತಾ?" ಎಂದು ಕೇಳಿ ಬಂದುಬಿಡುತ್ತಿದ್ದೆ. ನನ್ನ ಅಡುಗೆಮನೆಯಲ್ಲಿ ಕರಿಬೇವು ಒಣಗಿ ರಾಶಿಯಾಯಿತು. ಆ ವಾರಗಳಲ್ಲಿ ಅವರು ಮಾತ್ರ ಸೋಮವಾರ ಆಸ್ಪತ್ರೆಗೆ ಹೋದರು, ಮಂಗಳವಾರ ಇದೇ ಬೀದಿಯವರ ಇಸ್ತ್ರಿಪೆಟ್ಟಿಗೆ ಸರಿಮಾಡಿದರು, ಬುಧವಾರ ಆಡಿಸಿದರು. ನನ್ನನ್ನು ಒಂದು ಸಲವೂ 'ಹೇಳಿದ್ರಾ?' ಎಂದು ಕೇಳಲಿಲ್ಲ. ತಮ್ಮ ಮಿಕ್ಸಿ ಹೊತ್ತು ತಂದ ಒಬ್ಬರಾದರೂ 'ಆಯಮ್ಮನನ್ನು ಯಾಕೆ ಬಿಡಿಸುತ್ತೀರಿ?' ಎಂದು ಬಾಯಿಬಿಟ್ಟರೇ? ಅರ್ಜಿಗೆ ಸಹಿ ಹಾಕಿದ ತಾಯಂದಿರು ಸಹ ಚಿಕ್ಕತಾತನ ಟ್ಯಾಂಕರು ಬಾರದಿದ್ದರೆ ನೀರಿಗೆ ಏನು ಗತಿ ಎಂದು ಸುಮ್ಮನಾದರು. ನನಗೆ ಆ ಸಿಟ್ಟು ಇನ್ನೂ ಆರಿಲ್ಲ. ಆದರೆ ಬೀದಿಯವರನ್ನು ಬೈಯುವಾಗಲೆಲ್ಲ ಕರಿಬೇವಿನ ವಾಸನೆ ಮೂಗಿಗೆ ಬಡಿಯುತ್ತದೆ.

ಕೊನೆಗೊಂದು ದಿನ ಹೇಳಿಯೇಬಿಟ್ಟೆ. ಅವನು ಜಗಲಿಯಲ್ಲಿ ನಾಲ್ಕು ಜನರೊಂದಿಗೆ ಕಾಫಿ ಕುಡಿಯುತ್ತಿದ್ದ. "ನೋಡಪ್ಪ, ನಂಗೆ ಗೊತ್ತಿಲ್ದಂಗೆ ಸೈನ್ ಹಾಕಿಸ್ಕಂಡೆ. ಮನೆ ನನ್ನೆಸ್ರಲ್ಲೈತೆ. ಅವ್ರು ಅಲ್ಲೇ ಇರ್ತಾರೆ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವನು ಲೋಟ ಕೆಳಗಿಟ್ಟು ನಕ್ಕ. "ಯಾವ್ ಕಾಲದಾಗಿದೀಯ ಅತ್ತಿಗೆ? ಆಯಮ್ಮ ನೆನ್ನೇನೆ ಸಿಂಗಸಂದ್ರದಾಗೆ ಮನೆ ಹಿಡ್ದವ್ಳೆ. ಕೇಳೋಗು."

ಓಡಿದೆ. ನಿಜವೇ ಆಗಿತ್ತು. ತಂಗಿಯ ಮಗಳ ಮನೆಯ ಹತ್ತಿರ ಒಂದು ಕೋಣೆ ಸಿಕ್ಕಿತ್ತು. "ಹೇಳ್ಬಿಟ್ಟೆ ಅಕ್ಕ, ಎಲ್ರ ಮುಂದೇನೇ ಹೇಳ್ಬಿಟ್ಟೆ. ಬ್ಯಾಡ ಅನ್ನಿ ಆ ಮನೆಯೋರ್ಗೆ" ಎಂದು ಅಂಗಲಾಚಿದೆ. ಅವರು ಟೂಲ್ ಬಾಕ್ಸಿಗೆ ಸ್ಕ್ರೂಡ್ರೈವರುಗಳನ್ನು ಸೈಜಿನ ಪ್ರಕಾರ ಜೋಡಿಸುತ್ತಿದ್ದರು. "ನಿನ್ನೆ ಮಾತ್ ಕೊಟ್ಬಿಟ್ಟೆ ಓನರಮ್ಮ. ಆ ಮನೆಯಾಕೆ ನನ್ನನ್ನ ನಂಬ್ಕೊಂಡು ಬೇರೆಯವ್ರನ್ನ ಕಳ್ಸಿಬಿಟ್ಟಿದಾಳೆ" ಎಂದರು. ಒಂದು ದಿನ. ಒಂದೇ ಒಂದು ದಿನದ ಅಂತರ.

ಟೆಂಪೋ ಬಂದಾಗ ಹುಡುಗಿಯರು ಯೂನಿಫಾರ್ಮಿನಲ್ಲೇ ಓಡಿಬಂದು ಮಂಚ ಎತ್ತಿದರು. ನಿಮ್ಮ ಚಿಕ್ಕತಾತನೂ ಬಂದ! ತನ್ನ ಆಳುಗಳಿಂದ ಹಗ್ಗ ಕಟ್ಟಿಸಿ, "ಏನಾರ ಬೇಕಾದ್ರೆ ಫೋನ್ ಮಾಡಿ ಮೇಡಂ, ನಾವೆಲ್ಲ ಒಂದೇ ಮನೆಯೋರು" ಎಂದ. ಅವರು ಚೆಂಡನ್ನು ಹುಡುಗಿಯರ ಕೈಗೆ ಕೊಟ್ಟು ಗಾಡಿ ಹತ್ತಿದರು. ಶಾಲೆಯಲ್ಲಿ ಆಡಿಸುವವರಿಲ್ಲದೆ ಬುಧವಾರಗಳು ಸುಮ್ಮನೆ ಬಿದ್ದವು. ಎರಡು ತಿಂಗಳಲ್ಲಿ ಟ್ಯಾಂಕರುಗಳು ಮೈದಾನಕ್ಕೆ ವಾಪಸು ಬಂದವು. ಈಗಲೂ ಅಲ್ಲೇ ಇವೆ. ನೀವು ಸ್ಕೂಲ್ ವ್ಯಾನಿಗೆ ಕಾಯುವಾಗ ನೆರಳಿಗೆ ನಿಲ್ಲುತ್ತೀರಲ್ಲ, ಅವೇ.

ಅವರು ಹೋದ ಮೂರನೇ ಗುರುವಾರ ನಾನು ಯಾರಿಗೂ ಹೇಳದೆ ಹೊರಟೆ. ನಮ್ಮ ಚಿಕ್ಕಬಾಣಾವರ ಊರಿನ ಒಂದು ತುದಿ, ಸಿಂಗಸಂದ್ರ ಇನ್ನೊಂದು ತುದಿ. ಮೆಜೆಸ್ಟಿಕ್ಕಿನಲ್ಲಿ ಇಳಿದಾಗ ಆ ಬಸ್ಸುಗಳ ಕಾಡು ಕಂಡು ಕಂಬ ಹಿಡಿದು ನಿಂತೆ. ಒಂದೊಂದೇ ಬೋರ್ಡು ಓದಿದೆ, ಪೂರ್ತಿ ಓದಿದೆ. ಬೆಳಿಗ್ಗೆ ಏಳಕ್ಕೆ ಹೊರಟವಳು ಹತ್ತೂವರೆಗೆ ಅವರ ಬಾಗಿಲಿಗೆ ಬಂದೆ. ಬೀಗ. ಪಕ್ಕದ ಮನೆಯ ಹುಡುಗಿ, "ಆಂಟಿನಾ? ಹಿಂದ್ಗಡೆ ಸೈಟಲ್ಲಿದಾರೆ ನೋಡಿ. ಇವತ್ತು ಗಾರ್ಮೆಂಟ್ಸ್ ಹುಡ್ಗೀರ್ಗೆ ರಜ" ಎಂದಳು. ಎರಡು ಕಂಬಗಳ ನಡುವೆ ನೆಟ್ಟಿನ ಬದಲು ಹಳೆಯ ಸೀರೆ ಕಟ್ಟಿ, ಬಂದ ಮೂರೇ ವಾರದಲ್ಲಿ ಅವರು ಅಲ್ಲಿ ಆಟ ಶುರುಮಾಡಿದ್ದರು. ನಮ್ಮ ಬಡಾವಣೆ ಅವರಿಂದ ಏನನ್ನು ಕಿತ್ತುಕೊಂಡೆವೆಂದು ಮೀಸೆ ತಿರುವಿತ್ತೋ! ಕಳೆದುಕೊಂಡದ್ದು ನಾವೇ.

ನನ್ನನ್ನು ಕಂಡು ಆಟ ನಿಲ್ಲಿಸಿ ಬಂದರು. ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, "ಯಾರ್ ಜೊತೆ ಬಂದ್ರಿ?" ಎಂದರು.

"ಒಬ್ಳೇ."

"ಎಷ್ಟ್ ಬಸ್ಸು?"

"ಎರಡು."

ಅವರ ಮುಖ ಅರಳಿತು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಅಲ್ಲೇ, ಆ ಹುಡುಗಿಯರ ಮುಂದೆಯೇ ಹೇಳಿದೆ. "ನಂದು ತಪ್ಪಾಯ್ತಕ್ಕ."

ಬೇರೆ ಯಾರೇ ಆಗಿದ್ದರೂ 'ಅಯ್ಯೋ ಬಿಡಿ, ನಿಮ್ಮದೇನು ತಪ್ಪು, ಎಲ್ಲ ಅವನು ಮಾಡಿದ್ದು' ಎನ್ನುತ್ತಿದ್ದರು. ನಿಮ್ಮಪ್ಪ ಹಾಗೆಯೇ ಅಂದಿದ್ದ. ಇದನ್ನು ಓದಿ ನೀವೂ ಹಾಗೆಯೇ ಅನ್ನಬಹುದು. ಅನ್ನಬೇಡಿ. ಅವರು ಅನ್ನಲಿಲ್ಲ.

ನನ್ನ ಕಣ್ಣನ್ನೇ ನೋಡಿ, "ಹೂಂ. ತಪ್ಪಾಯ್ತು" ಎಂದರು. ಆಮೇಲೆ ನನ್ನ ಕೈಯಿಂದ ಚೀಲ ತೆಗೆದುಕೊಂಡು, "ಬನ್ನಿ, ಬೇಳೆ ಬೇಯಿಸಿಟ್ಟಿದೀನಿ. ಒಗ್ಗರಣೆ ನೀವ್ ಹಾಕಿ" ಎಂದು ಮನೆಯ ಕಡೆ ಮುಂದೆ ನಡೆದರು.